ಕೊಂಡ ಆಟಕ್ಕೆ ಬೀಗ

ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್ 31ರಂದು ‘ದಿ ಕ್ರೂ’ ಎಂಬ ಕಾರ್ ರೇಸ್ ಗೇಮಿನ ಸರ್ವರ್ ನಿಲ್ಲಿಸಿತು. 2014ರಲ್ಲಿ ಬಂದ ಆಟ ಅದು. ಇಡೀ ಅಮೆರಿಕವನ್ನು ಕುಗ್ಗಿಸಿ ನಕ್ಷೆಯೊಳಗೆ ಕೂರಿಸಿದ್ದರು. ಒಂದು ಕರಾವಳಿಯಲ್ಲಿ ಗಾಡಿ ಹೊರಡಿಸಿದರೆ ಮುಕ್ಕಾಲು ಗಂಟೆಯ ಹೊತ್ತಿಗೆ ಇನ್ನೊಂದು ಕರಾವಳಿ ತಲುಪಬಹುದಿತ್ತು. ಯಾರ ಜೊತೆಗೂ ಸ್ಪರ್ಧೆಗಿಳಿಯದೆ ಒಬ್ಬರೇ ಕೂತು ಆಡುವ ಕಥೆಯೂ ಅದರಲ್ಲಿತ್ತು. ಆದರೆ ಒಬ್ಬರೇ ಆಡುವಾಗಲೂ ಕಂಪನಿಯ ಸರ್ವರ್ ಜೊತೆ ಸಂಪರ್ಕ ಇರಲೇಬೇಕು ಎನ್ನುವಂತೆ ಗೇಮನ್ನು ಕಟ್ಟಿದ್ದರು. ಹಾಗಾಗಿ ಸರ್ವರ್ ಹೋದ ದಿನವೇ ಆಟವೂ ಹೋಯಿತು. ಆನ್‌ಲೈನಿನಲ್ಲಿ ಕೊಂಡವರ ಲೈಬ್ರರಿಯಿಂದ ಕೆಲವೇ ದಿನಗಳಲ್ಲಿ ಲೈಸೆನ್ಸನ್ನೂ ಕಿತ್ತುಕೊಂಡರು. ಡಿಸ್ಕ್ ಕೊಂಡವರಿಗೆ ಮಾತ್ರ ಏನೋ ಉಳಿದಿದೆ: ಡಿಸ್ಕಿನ ಡಬ್ಬಿ.

ಅದೇ ವರ್ಷ ಜನವರಿಯಲ್ಲಿ ಯೂಬಿಸಾಫ್ಟಿನ ಚಂದಾ ವಿಭಾಗದ ನಿರ್ದೇಶಕ ಫಿಲಿಪ್ ಟ್ರೆಂಬ್ಲೆ ಒಂದು ಸಂದರ್ಶನದಲ್ಲಿ, ಗೇಮ್ ತಮ್ಮದಾಗಿರಬೇಕು ಎಂಬ ಅಭ್ಯಾಸವನ್ನು ಆಟಗಾರರು ಬಿಡುವವರೆಗೂ ಚಂದಾ ಪದ್ಧತಿ ಬೆಳೆಯುವುದು ಕಷ್ಟ ಎಂಬರ್ಥದ ಮಾತಾಡಿದ್ದರು. ಅವರು ಹೇಳಿದ್ದು ತಿಂಗಳ ಚಂದಾ ಕಟ್ಟುವವರ ಬಗ್ಗೆ, ನಿಜ. ಆದರೆ ಮೂರು ತಿಂಗಳಲ್ಲಿ ಪೂರ್ತಿ ಬೆಲೆ ತೆತ್ತವರಿಗೂ ಅದೇ ಪಾಠವಾಯಿತು.

ಗೇಮರ್‌ಗಳು ಎಲ್ಲದಕ್ಕೂ ಗಲಾಟೆ ಮಾಡುತ್ತಾರೆ ಎಂಬ ಮಾತಿದೆ. ಅದರಲ್ಲಿ ಹುರುಳಿಲ್ಲ ಎನ್ನಲಾರೆವು. ಗ್ರಾಫಿಕ್ಸ್ ಸರಿಯಿಲ್ಲ ಎಂದು, ನಾಯಕಿಯ ಮುಖ ಚೆನ್ನಾಗಿಲ್ಲ ಎಂದು ಕೂಡ ಅವರು ಬೀದಿಗಿಳಿದವರಂತೆ ಕೂಗುತ್ತಾರೆ. ಈ ಸಲ ಹಾಗಾಗಲಿಲ್ಲ. ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ 2024ರ ಏಪ್ರಿಲ್‌ನಲ್ಲಿ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಹೆಸರಿನಲ್ಲಿ ಶುರು ಮಾಡಿದ ಚಳವಳಿ ಐರೋಪ್ಯ ಒಕ್ಕೂಟದ ನಾಗರಿಕ ಮನವಿಯ ದಾರಿ ಹಿಡಿಯಿತು. ಒಕ್ಕೂಟದ ಆಯೋಗ ಮನವಿಗೆ ಉತ್ತರ ಕೊಡಲೇಬೇಕಾದರೆ ಒಂದು ವರ್ಷದೊಳಗೆ ಹತ್ತು ಲಕ್ಷ ಸಹಿ ಬೇಕು. 2025ರ ಜುಲೈ ಮೊದಲ ವಾರದಲ್ಲಿ, ಗಡುವು ಮುಗಿಯಲು ಇನ್ನೂ ಕೆಲವು ವಾರ ಇರುವಾಗಲೇ, ಸಹಿಗಳು ಆ ಗೆರೆ ದಾಟಿದವು.

ಅವರು ಕೇಳುತ್ತಿರುವುದಾದರೂ ಏನು? ಸರ್ವರನ್ನು ಕೊನೆತನಕ ನಡೆಸಿ ಎಂದಲ್ಲ. ನಿಲ್ಲಿಸುವ ಮುಂಚೆ, ಕಂಪನಿಯ ನೆರವಿಲ್ಲದೆಯೂ ಆಟ ಓಡುವಂತೆ ಮಾಡಿಕೊಟ್ಟು ಹೋಗಿ ಎಂದಷ್ಟೆ. ಉದ್ಯಮದ ಉತ್ತರ ಸಿದ್ಧವಾಗಿದೆ: ಖರ್ಚು ವಿಪರೀತ, ಖಾಸಗಿ ಸರ್ವರ್‌ಗಳಲ್ಲಿ ಸುರಕ್ಷತೆ ಇಲ್ಲ, ಕೆಲವು ಆಟಗಳು ಆನ್‌ಲೈನ್ ಇಲ್ಲದೆ ಆಟವೇ ಅಲ್ಲ. ಕೊನೆಯ ಮಾತನ್ನು ಒಪ್ಪಬಹುದು. ನೂರು ಜನ ಒಟ್ಟಿಗೆ ಇಳಿದು ಬಡಿದಾಡುವ ಆಟವನ್ನು ಒಬ್ಬನ ಕಂಪ್ಯೂಟರಿನಲ್ಲಿ ಉಳಿಸಿ ಪ್ರಯೋಜನ ಕಡಿಮೆ. ಕಾರ್ ಕಂಪನಿಗಳ ಹೆಸರು, ಹಾಡುಗಳ ಹಕ್ಕು ಮುಗಿದ ಮೇಲೆ ಹೊಸದಾಗಿ ಮಾರಲು ಬಾರದು ಎಂಬುದೂ ಸರಿ. ಆದರೆ ಕೇಳುತ್ತಿರುವವರು ಹೊಸ ಗಿರಾಕಿಗಳಲ್ಲ, ಆಗಲೇ ದುಡ್ಡು ಕೊಟ್ಟವರು.

ಖರ್ಚಿನ ವಾದವನ್ನು ಸುಳ್ಳು ಮಾಡಿದ್ದು ಬೇರೆ ಯಾರೂ ಅಲ್ಲ, ಸ್ವತಃ ಯೂಬಿಸಾಫ್ಟ್. ಗಲಾಟೆ ಜೋರಾದ ಮೇಲೆ ‘ದಿ ಕ್ರೂ 2’ ಗೇಮನ್ನು ಆಫ್‌ಲೈನ್ ಆಡುವ ವ್ಯವಸ್ಥೆ ಮಾಡುವುದಾಗಿ ಹೇಳಿತು, 2025ರಲ್ಲಿ ಮಾಡಿಯೂ ತೋರಿಸಿತು. ಮೊದಲ ‘ಕ್ರೂ’ವನ್ನು ಅಭಿಮಾನಿಗಳೇ ಗುಂಪು ಕಟ್ಟಿಕೊಂಡು, ಸರ್ವರ್ ಹೇಗೆ ಮಾತಾಡುತ್ತಿತ್ತೆಂದು ಬಿಡಿಸಿ ನೋಡಿ, ಅದೇ ವರ್ಷ ಮತ್ತೆ ಓಡುವಂತೆ ಮಾಡಿದರು. ಸಂಬಳವಿಲ್ಲದವರು ಬಿಡುವಿನ ವೇಳೆಯಲ್ಲಿ ಮಾಡಿದ ಕೆಲಸ ಸಾವಿರಾರು ಎಂಜಿನಿಯರ್‌ಗಳ ಕಂಪನಿಗೆ ಆಗಲಿಲ್ಲ ಎಂದರೆ ಮನಸ್ಸಿರಲಿಲ್ಲ ಎಂದೇ ಅರ್ಥ.

ಡಿಜಿಟಲ್ ಅಂಗಡಿಗಳ ಪಾತ್ರ ಇನ್ನೊಂದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಒಂದು ಕಾಯ್ದೆ ತಂದಿತು, 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಮಾರುತ್ತಿರುವುದು ವಾಪಸ್ ಪಡೆಯಬಹುದಾದ ಲೈಸೆನ್ಸ್ ಆಗಿದ್ದರೆ ಅದನ್ನು ಗ್ರಾಹಕನಿಗೆ ಕಣ್ಣಿಗೆ ಕಾಣುವಂತೆ ತಿಳಿಸಬೇಕು, ಇಲ್ಲದಿದ್ದರೆ ‘ಬೈ’ ಎಂಬ ಬಟನ್ ಇಡುವಂತಿಲ್ಲ. ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ಶಾಶ್ವತವಾಗಿ ಉಳಿಯುವ ಸರಕಿಗೆ ವಿನಾಯಿತಿ ಇದೆ. ಕಾಯ್ದೆ ಜಾರಿಗೆ ಬರುವ ಮೊದಲೇ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿ ತನ್ನ ಕಾರ್ಟ್ ಪುಟದಲ್ಲಿ, ಹಣ ಕಟ್ಟುವ ಬಟನ್ನಿನ ಬಳಿ ಒಂದು ಸಾಲು ಸೇರಿಸಿತು: ಕೊಡುತ್ತಿರುವುದು ಸ್ಟೀಮಿನಲ್ಲಿ ಬಳಸುವ ಲೈಸೆನ್ಸ್. ಪೋಲೆಂಡಿನ ಗಾಗ್ ಎಂಬ ಪುಟ್ಟ ಅಂಗಡಿ ಸಮಯ ಸಾಧಿಸಿ, ನಮ್ಮಲ್ಲಿ ಇನ್‌ಸ್ಟಾಲರ್ ಫೈಲೇ ಸಿಗುತ್ತದೆ, ಅದನ್ನು ಯಾರೂ ಕಿತ್ತುಕೊಳ್ಳಲಾರರು ಎಂದು ಜಾಹೀರಾತು ಮಾಡಿಕೊಂಡಿತು.

ಇಲ್ಲಿ ಗೇಮರ್‌ಗಳಿಗೂ ಒಂದು ಮಾತು ಹೇಳಬೇಕು. ಯೂಬಿಸಾಫ್ಟ್ ಎಂದರೆ ಉರಿದು ಬೀಳುವವರೇ ಸ್ಟೀಮನ್ನು ಮನೆದೇವರಂತೆ ಕಾಣುತ್ತಾರೆ. ಸ್ಟೀಮ್ ಸೌಕರ್ಯ ಚೆನ್ನಾಗಿದೆ, ಸೇಲ್ ಬಂದರೆ ಜೇಬಿಗೆ ಹಗುರ, ಇವೆಲ್ಲ ಸರಿ. ಆದರೆ ಅದರ ಕರಾರಿನ ಪ್ರಕಾರವೂ ನಿಮ್ಮದು ಬರೀ ಲೈಸೆನ್ಸ್. ಖಾತೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ, ಉಯಿಲು ಬರೆದು ಮಕ್ಕಳಿಗೆ ಬಿಡುವಂತೆಯೂ ಇಲ್ಲ. ಎಲ್ಲರೂ ಹೊಗಳುವ ಎರಡು ಗಂಟೆಯ ರೀಫಂಡ್ ಸೌಲಭ್ಯ ಬಂದದ್ದು 2015ರಲ್ಲಿ. ಅದರ ಹಿಂದಿನ ವರ್ಷ ಆಸ್ಟ್ರೇಲಿಯಾದ ಗ್ರಾಹಕ ಆಯೋಗ ಸ್ಟೀಮಿನ ಒಡೆಯ ವಾಲ್ವ್ ಕಂಪನಿಯನ್ನು ರೀಫಂಡ್ ವಿಚಾರಕ್ಕೇ ಕೋರ್ಟಿಗೆ ಎಳೆದಿತ್ತು. ಕೋರ್ಟು 2016ರಲ್ಲಿ 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡವನ್ನೂ ಹಾಕಿತು.

ನಮ್ಮಲ್ಲಿ? ಹೊಸ ದೊಡ್ಡ ಗೇಮೊಂದಕ್ಕೆ ನಾಲ್ಕೈದು ಸಾವಿರ ರೂಪಾಯಿ ಕೊಡುವ ಹುಡುಗರು ಬೆಂಗಳೂರಿನಲ್ಲಷ್ಟೇ ಅಲ್ಲ, ಹುಬ್ಬಳ್ಳಿ, ಶಿವಮೊಗ್ಗದಲ್ಲೂ ಇದ್ದಾರೆ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಚರ್ಚೆಯೆಲ್ಲ ಹಣ ಪಣಕ್ಕಿಡುವ ಆಟಗಳ ಸುತ್ತಲೇ ನಡೆಯಿತು. ಹಣ ಕೊಟ್ಟು ಗೇಮ್ ಕೊಂಡ ಗ್ರಾಹಕನ ನೆನಪು ಯಾರಿಗೂ ಬಂದಂತಿಲ್ಲ. ಹಾಗೆಂದು ಹೊಸ ಕಾಯ್ದೆಯೇ ಬೇಕೆಂದಿಲ್ಲ. 2020ರ ಇ-ವಾಣಿಜ್ಯ ನಿಯಮಗಳ ವ್ಯಾಪ್ತಿಯೊಳಗೆ ಡಿಜಿಟಲ್ ಉತ್ಪನ್ನಗಳೂ ಬರುತ್ತವೆ. 2023ರ ನವೆಂಬರಿನಲ್ಲಿ ಬಂದ ಮಾರ್ಗಸೂಚಿ, ಆನ್‌ಲೈನ್ ಅಂಗಡಿಗಳು ಗ್ರಾಹಕನ ದಿಕ್ಕು ತಪ್ಪಿಸುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೆ ತೂಕ, ಬೆಲೆ, ತಯಾರಾದ ತಿಂಗಳು ಅಚ್ಚಾಗಿರಬೇಕು ಎನ್ನುವ ಸರ್ಕಾರಕ್ಕೆ ಐದು ಸಾವಿರದ ಗೇಮಿನ ಮೇಲೂ ನಾಲ್ಕು ಸಾಲು ಬರೆಸುವುದು ಕಷ್ಟವಾಗಬಾರದು.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಆ ನಾಲ್ಕು ಸಾಲು ಬರೆಸಲಿ: ಇದು ಮಾರಾಟವೋ ಲೈಸೆನ್ಸೋ, ಇಂಟರ್ನೆಟ್ ಇಲ್ಲದೆ ಓಡುತ್ತದೋ ಇಲ್ಲವೋ, ಸರ್ವರ್ ಕನಿಷ್ಠ ಯಾವ ವರ್ಷದವರೆಗೆ ಇರುತ್ತದೆ, ಅದಕ್ಕೂ ಮುಂಚೆ ನಿಂತರೆ ಎಷ್ಟು ಹಣ ವಾಪಸ್. ಬರೆಯಲು ಒಪ್ಪದ ಕಂಪನಿ ಇಲ್ಲಿ ಪೂರ್ತಿ ಬೆಲೆಗೆ ಗೇಮ್ ಮಾರುವುದು ಬೇಡ.