ಕಡಿದ ಕಾಡಿಗೂ ನೆಟ್ಟ ಗಿಡಕ್ಕೂ ಬೇರೆ ಬೇರೆ ಲೆಕ್ಕವಿಡಿ: ಹಾರವಾಡ ಗ್ರಾಮಸ್ಥರ ಮನವಿ ಪತ್ರ

ಗೆ,
ಮಾನ್ಯ ಕಾರ್ಯದರ್ಶಿಗಳು,
ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯ,
ಭಾರತ ಸರ್ಕಾರ, ನವದೆಹಲಿ.

ಮುಖಾಂತರ: ಮಾನ್ಯ ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ ಜಿಲ್ಲೆ, ಕಾರವಾರ.

ವಿಷಯ: ಭೂಬಳಕೆ ಮತ್ತು ಅರಣ್ಯ ವಲಯದ ಹಸಿರುಮನೆ ಅನಿಲಗಳ ಲೆಕ್ಕದಲ್ಲಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಕಾಡು, ಕಾಂಡ್ಲಾ (ಮ್ಯಾಂಗ್ರೋವ್) ಮತ್ತು ಗಜನಿ (ಅಳಿವೆಯಂಚಿನ ಉಪ್ಪುನೀರಿನ ಗದ್ದೆ)ಗಳ ನಷ್ಟವನ್ನು ಪ್ರತ್ಯೇಕವಾಗಿ ದಾಖಲಿಸುವ ಬಗ್ಗೆ.

ಮಾನ್ಯರೇ,

ಅಂಕೋಲಾ ತಾಲ್ಲೂಕಿನ ಹಾರವಾಡ ಮತ್ತು ಸುತ್ತಲಿನ ಊರುಗಳ ಮೀನುಗಾರರು, ಗಜನಿ ರೈತರು, ಕೂಲಿಕಾರರಾದ ನಾವು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

2024ರ ಡಿಸೆಂಬರ್‌ನಲ್ಲಿ ಭಾರತ ಸರ್ಕಾರ ವಿಶ್ವಸಂಸ್ಥೆಗೆ ಸಲ್ಲಿಸಿದ ನಾಲ್ಕನೇ ದ್ವೈವಾರ್ಷಿಕ ವರದಿಯ ಪ್ರಕಾರ, 2020ರಲ್ಲಿ ದೇಶದ ಕಾಡು, ಮರ ಮತ್ತು ಇತರ ಭೂಮಿ ಸೇರಿ ಸುಮಾರು 52 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೀರಿಕೊಂಡಿವೆ. ಆ ವರ್ಷ ದೇಶ ಹೊರಬಿಟ್ಟ ಇಂಗಾಲದ ಡೈಆಕ್ಸೈಡ್‌ನ ಶೇ 22ಕ್ಕೆ ಇದು ಸಮ. 2030ರೊಳಗೆ ಕಾಡು ಮತ್ತು ಮರಗಳ ಮೂಲಕ ಹೆಚ್ಚುವರಿಯಾಗಿ 250ರಿಂದ 300 ಕೋಟಿ ಟನ್ ಹಿಡಿದಿಡುವುದಾಗಿ ಪ್ಯಾರಿಸ್ ಒಪ್ಪಂದದಡಿ ದೇಶ ಮಾತು ಕೊಟ್ಟಿದೆ. ಈ ಗುರಿಯಲ್ಲಿ ಉತ್ತರ ಕನ್ನಡದ ಕಾಡಿನ ಪಾಲೂ ಇದೆ ಎಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಆ 52 ಕೋಟಿ ಟನ್ ಎಂಬುದು ಕೂಡಿ ಕಳೆದು ಉಳಿದ ಮೊತ್ತ. ಯಾವ ಬೆಟ್ಟದಲ್ಲಿ ಏನು ಹೋಯಿತು, ಅದಕ್ಕೆ ಬದಲಾಗಿ ಎಲ್ಲಿ ಏನು ಬಂತು ಎಂಬುದು ಅದರಲ್ಲಿ ಕಾಣುವುದಿಲ್ಲ. ನಮ್ಮ ತಕರಾರು ಇಷ್ಟೇ.

ಅರಣ್ಯ ಸ್ಥಿತಿಗತಿ ವರದಿಯ ಎಣಿಕೆಯಲ್ಲಿ 1 ಹೆಕ್ಟೇರ್‌ಗೆ ಕಡಿಮೆಯಿಲ್ಲದ, ಶೇ 10ರಷ್ಟಾದರೂ ಮರಗಳ ನೆರಳಿರುವ ಜಾಗವೆಲ್ಲ ಅರಣ್ಯ ಹೊದಿಕೆಯೇ. ಮರದ ಜಾತಿ ಯಾವುದು, ಜಾಗ ಯಾರದು ಎಂದು ಅದು ಕೇಳುವುದಿಲ್ಲ. ಹೀಗಾಗಿ ಮತ್ತಿ, ಹೊನ್ನೆ, ಕಿಂದಳ, ಮುರುಗಲು, ಉಪ್ಪಾಗೆ ಬೆಳೆದ ಘಟ್ಟದ ಕಾಡೂ ಸಾಲಾಗಿ ನೆಟ್ಟ ಅಕೇಶಿಯಾ ನೆಡುತೋಪೂ ಒಂದೇ ಲೆಕ್ಕಕ್ಕೆ ಸೇರುತ್ತವೆ. ಅಕೇಶಿಯಾ ತೋಪಿನೊಳಗೆ ಕಾಲಿಟ್ಟವರಿಗೆ ವ್ಯತ್ಯಾಸ ತಿಳಿಯುತ್ತದೆ: ಉದುರಿದ ಎಲೆಯ ದರಕು ಬೇಗ ಕರಗದೆ ದಪ್ಪಗೆ ಕೂತಿರುತ್ತದೆ, ಅಡಿಯಲ್ಲಿ ಬೇರೆ ಸಸಿ ಏಳುವುದು ಅಪರೂಪ, ದನಕ್ಕೆ ಮೇವಿಲ್ಲ. ಬಲಿತ ತೋಪನ್ನು ಕಡಿದು ಮಾರಿದರೆ ಅದರಲ್ಲಿ ಕೂಡಿಟ್ಟ ಇಂಗಾಲದ ಬಹುಪಾಲು ಮತ್ತೆ ಗಾಳಿಗೇ ಹೋಗುತ್ತದೆ. ದೇಶದ ಒಟ್ಟು ಅರಣ್ಯ ಹೊದಿಕೆ ಹೆಚ್ಚಾಯಿತು ಎಂದು ಹೇಳಿದ 2023ರ ವರದಿಯೇ, ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದಲ್ಲಿ ಹತ್ತು ವರ್ಷಗಳಲ್ಲಿ 58 ಚದರ ಕಿ.ಮೀ. ಹೊದಿಕೆ ಕಡಿಮೆಯಾಗಿದೆ ಎಂದೂ ಹೇಳಿದೆ.

ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ವಿಷಯ ತಮಗೆ ಗೊತ್ತೇ ಇದೆ. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಿತು, ಜೂನ್‌ನಲ್ಲಿ ಹೈಕೋರ್ಟ್ ತಡೆ ನೀಡಿತು. ಆಗಿನ ಪ್ರಸ್ತಾವದಂತೆ ಬೇಕಾಗಿದ್ದ ಅರಣ್ಯ 595.64 ಹೆಕ್ಟೇರ್, ಬಲಿಯಾಗಲಿದ್ದ ಮರಗಳು ಎರಡು ಲಕ್ಷಕ್ಕೂ ಹೆಚ್ಚು. ಪರಿಹಾರವಾಗಿ ಬೇರೆಡೆ ಸಸಿ ನೆಡಲಾಗುತ್ತದೆ ಎನ್ನುತ್ತಾರೆ. ಮರ ಕಡಿದು ನೆಲ ಬಗೆದರೆ, ನೂರಾರು ವರ್ಷದ ಮರವೂ ಅದರ ಬುಡದ ಮಣ್ಣೂ ಹಿಡಿದಿಟ್ಟ ಇಂಗಾಲ ಹೊರಬೀಳತೊಡಗುತ್ತದೆ. ಸಸಿ ಅದನ್ನು ತುಂಬಿಕೊಡಲು ತಲೆಮಾರುಗಳೇ ಬೇಕು, ಅದೂ ಸಸಿ ಬದುಕಿದರೆ. ನಾವು ಅಭಿವೃದ್ಧಿಗೆ ಅಡ್ಡ ನಿಂತವರಲ್ಲ. ಕೊಂಕಣ ರೈಲು ನಮ್ಮೂರಿನ ಮೇಲೆಯೇ ಹಾದುಹೋಗುತ್ತದೆ, ಸೀಬರ್ಡ್ ನೌಕಾನೆಲೆಗಾಗಿ ಈ ತೀರದ ಜನ ಮನೆಮಠ ಬಿಟ್ಟುಕೊಟ್ಟಿದ್ದಾರೆ. ಕೊಟ್ಟಿದ್ದಕ್ಕೆ, ಕಳೆದದ್ದಕ್ಕೆ ಸರಿಯಾದ ಲೆಕ್ಕ ಕೇಳುವ ಹಕ್ಕು ನಮಗಿದೆ.

ಇನ್ನು ಕಾಂಡ್ಲಾ ಮತ್ತು ಗಜನಿಯ ಮಾತು. ಕಾಂಡ್ಲಾದ ಇಂಗಾಲದ ದೊಡ್ಡ ಪಾಲು ಇರುವುದು ಮರದಲ್ಲಲ್ಲ, ಬುಡದ ಕೆಸರಿನಲ್ಲಿ. ಭರತ ಇಳಿತದ ನೀರು ನಿಂತು ಗಾಳಿಯಾಡದ ಆ ಕಪ್ಪು ಕೆಸರಿನಲ್ಲಿ ಎಲೆ, ಬೇರು ಕೊಳೆಯುವುದು ಬಹಳ ನಿಧಾನ. ಸಿಗಡಿ ಕೊಳಕ್ಕೋ ರಸ್ತೆಗೋ ಅದನ್ನು ಬಗೆದು ದಂಡೆಗೆ ಎಸೆದರೆ, ಬಿಸಿಲಿಗೆ ಒಣಗಿ ಬಿರುಕು ಬಿಟ್ಟ ಮಣ್ಣಿನಿಂದ ಆ ಇಂಗಾಲ ಹೊರಬೀಳತೊಡಗುತ್ತದೆ. ಗಜನಿಯ ಒಡ್ಡಿನ ಹೊರಮೈಗೆ ನಮ್ಮ ಹಿರಿಯರು ಕಾಂಡ್ಲಾ ಬೆಳೆಯಲು ಬಿಟ್ಟದ್ದು ಅಲೆಯ ಹೊಡೆತ ತಡೆಯಲಿ ಎಂದು. ಅದರ ಬೇರಿನ ನಡುವೆ ಮೀನು ಮರಿ ಮಾಡುತ್ತದೆ, ಒಡ್ಡಿನ ಒಳಗೆ ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಒಡ್ಡು ಒಡೆದರೆ ಗದ್ದೆ ಪಾಳು ಬೀಳುತ್ತದೆ, ಪಾಳು ಬಿದ್ದ ಗದ್ದೆಗೆ ಮಣ್ಣು ತುಂಬಲು ಜನ ಕಾದಿರುತ್ತಾರೆ. ಕಡಲ್ಕೊರೆತದಿಂದ ಪ್ರತಿ ಮಳೆಗಾಲ ನೆಲ ಕಳೆದುಕೊಳ್ಳುವ ನಮಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಆದ್ದರಿಂದ, ಮುಂದಿನ ರಾಷ್ಟ್ರೀಯ ಲೆಕ್ಕದಲ್ಲಿ ನೈಸರ್ಗಿಕ ಕಾಡಿನ ನಷ್ಟವನ್ನು ನೆಡುತೋಪಿನ ಗಳಿಕೆಯಿಂದ ಕಳೆಯದೆ, ಎರಡನ್ನೂ ಜಿಲ್ಲಾವಾರು ಪ್ರಕಟಿಸಬೇಕು. ಕಾಂಡ್ಲಾ ಮಣ್ಣಿನ ಇಂಗಾಲವನ್ನು, ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ 2013ರಲ್ಲಿ ಜೌಗು ಭೂಮಿಗಾಗಿ ಕೊಟ್ಟ ವಿಧಾನದಂತೆ, ಕಾಳಿ ಮತ್ತು ಗಂಗಾವಳಿ ಅಳಿವೆಗಳಲ್ಲಿ ಅಳೆಯಿಸಬೇಕು. ಹುಬ್ಬಳ್ಳಿ–ಅಂಕೋಲಾ ಮಾರ್ಗವಾಗಲಿ, ಕೇಣಿಯ ಉದ್ದೇಶಿತ ಬಂದರಾಗಲಿ, ಭೂಬಳಕೆ ಬದಲಾವಣೆಯಿಂದ ಹೊರಬೀಳುವ ಇಂಗಾಲದ ಅಂದಾಜನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದಿಡದೆ ಒಪ್ಪಿಗೆ ಕೊಡಕೂಡದು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ, ಅದನ್ನು ಮಾನ್ಯ ಮಾಡಬೇಕು. ಗಜನಿ ಒಡ್ಡುಗಳ ದುರಸ್ತಿಗೆ ಪರಿಹಾರ ಅರಣ್ಯೀಕರಣ ನಿಧಿಯಿಂದಲೇ ಹಣ ಒದಗಿಸಲು ದಾರಿ ಮಾಡಿಕೊಡಬೇಕು.

ನೆಡುವುದಿದ್ದರೆ ಅಕೇಶಿಯಾ ಬಿಟ್ಟು ಸ್ಥಳೀಯ ಜಾತಿಗಳನ್ನೇ ನೆಡಬೇಕು. 2024ರ ಡಿಸೆಂಬರ್‌ನಲ್ಲಿ ನಮ್ಮನ್ನಗಲಿದ ಹೊನ್ನಳ್ಳಿಯ ಪದ್ಮಶ್ರೀ ತುಳಸಿ ಗೌಡರು ಇದೇ ತಾಲ್ಲೂಕಿನ ಅರಣ್ಯ ನರ್ಸರಿಯಲ್ಲಿ ದುಡಿದವರು. ಯಾವ ತಾಯಿಮರದ ಬೀಜ ಯಾವಾಗ ಆಯಬೇಕೆಂಬ ತಿಳಿವಳಿಕೆ ಇಲ್ಲಿನ ಹಾಲಕ್ಕಿ ಸಮುದಾಯದ ಹೆಣ್ಣುಮಕ್ಕಳಲ್ಲಿ ಇನ್ನೂ ಇದೆ. ನರ್ಸರಿಗಳಲ್ಲಿ ಅವರಿಗೆ ಕಾಯಂ ಕೆಲಸ ಕೊಡಬೇಕು.

ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು ಹಾರವಾಡ ಗ್ರಾಮ ಪಂಚಾಯತಿಗೆ ಲಿಖಿತವಾಗಿ ತಿಳಿಸಬೇಕೆಂದೂ, ಮುಂದಿನ ಗ್ರಾಮಸಭೆಗೆ ಸಚಿವಾಲಯದ ಒಬ್ಬ ಪ್ರತಿನಿಧಿಯನ್ನು ಕಳಿಸಿಕೊಡಬೇಕೆಂದೂ ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಹಾರವಾಡ ಹಾಗೂ ಸುತ್ತಲಿನ ಊರುಗಳ ಗ್ರಾಮಸ್ಥರು

ಪ್ರತಿ: ಉಪ ಅರಣ್ಯ ಸಂರಕ್ಷಣಾಧಿಕಾರಿಗಳು, ಕಾರವಾರ ವಿಭಾಗ, ತಹಶೀಲ್ದಾರರು, ಅಂಕೋಲಾ.