ಮಾಳಿಗೆ ಮೇಲೆ ಮೂರು ಖೋಲಿ: ಧಾರವಾಡದ ಬಾಡಿಗೆ ಲೆಕ್ಕ ನೇಮಕಾತಿಗೆ ಜೋತು ಬಿದ್ದಾಗ

ಧಾರವಾಡ: ಸಪ್ತಾಪುರ, ಜಯನಗರ, ಶ್ರೀನಗರ ಸರ್ಕಲ್ ಕಡೆ ಒಂದು ಸುತ್ತು ಹಾಕಿ ಬನ್ನಿ. ಒಂದು ಮನೆ ಗೇಟಿಗೆ ‘ರೂಮ್ ಖಾಲಿ ಇದೆ’ ಅನ್ನೋ ಬೋರ್ಡು, ಅದರ ಪಕ್ಕದ ಮನೆ ಮಾಳಿಗೆ ಮೇಲೆ ಹೊಸ ಖೋಲಿಗೆ ಇಟ್ಟಂಗಿ ಏರಿಸೋ ಕೆಲಸ. ನಿವೃತ್ತಿ ದುಡ್ಡು ಕೈಗೆ ಬಂದವರು, ಮಕ್ಕಳು ಬೆಂಗಳೂರು, ಪುಣೆ ಸೇರಿದ ಮೇಲೆ ಮನೆಯಲ್ಲಿ ಇಬ್ಬರೇ ಉಳಿದವರು ಮೊದಲು ಯೋಚಿಸೋದೇ ಇದನ್ನ: ಮೇಲೆ ಎರಡೋ ಮೂರೋ ಖೋಲಿ ಹಾಕಿಸಿದ್ರ ತಿಂಗಳಾ ಬಾಡಿಗಿ ಬರ್ತದ, ಕುಂತು ಉಣ್ಣಬಹುದು.

ಯೋಚನೆ ತಪ್ಪಲ್ಲ. ಹೊಸ ಪ್ಲಾಟು ಕೊಳ್ಳೋದಕ್ಕಿಂತ ಇರೋ ಮನೆ ಮೇಲೆ ಕಟ್ಟೋದು ಅಗ್ಗ. ಜಾಗದ ದುಡ್ಡಿಲ್ಲ, ಮಾಲಕರು ಕೆಳಗೇ ಇರ್ತಾರೆ. ಆದರೆ ಆ ಖೋಲಿಗೆ ಯಾರು ಬರ್ತಾರೆ, ಎಷ್ಟು ತಿಂಗಳು ಇರ್ತಾರೆ ಅನ್ನೋದನ್ನ ಕೇಳಿಕೊಳ್ಳದೆ ಗೌಂಡಿಯನ್ನ ಕರೆಸಿದವರು ಈಗ ಪೇಚಿಗೆ ಸಿಕ್ಕಿದ್ದಾರೆ.

ಧಾರವಾಡದ ಬಾಡಿಗೆ ಮಾರುಕಟ್ಟೆ ಬೆಂಗಳೂರಿನಂಥದ್ದಲ್ಲ. ಇಲ್ಲಿ ಸಣ್ಣ ಖೋಲಿ ತುಂಬೋರು ಬಹುಪಾಲು ಸ್ಪರ್ಧಾತ್ಮಕ ಪರೀಕ್ಷೆಗೆ ಓದೋ ಹುಡುಗ ಹುಡುಗಿಯರು. ಬಾಗಲಕೋಟೆ, ವಿಜಯಪುರ, ಕೊಪ್ಪಳ, ರಾಯಚೂರು, ಹಾವೇರಿ, ಗದಗ ಕಡೆಯಿಂದ ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಕನಸು ಕಟ್ಟಿಕೊಂಡು ಬರ್ತಾರೆ. ಅಧಿಸೂಚನೆ ಹೊರಬಿದ್ದರೆ ಖೋಲಿ ಸಿಗೋದಿಲ್ಲ, ಇಲ್ಲಾಂದ್ರೆ ಊರಿಗೆ ಹೊರಟು ನಿಲ್ತಾರೆ. ಅಂದರೆ ನಿಮ್ಮ ಮಾಳಿಗೆ ಮೇಲಿನ ಆದಾಯ ವಿಧಾನಸೌಧದ ಒಂದು ಕಡತಕ್ಕೆ ಜೋತು ಬಿದ್ದಿದೆ.

ಇದು ಬರೀ ಮಾತಲ್ಲ. ಒಳಮೀಸಲಾತಿ ತೀರ್ಮಾನ ಆಗೋವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ಸಚಿವ ಸಂಪುಟ 2024ರ ಅಕ್ಟೋಬರ್‌ನಲ್ಲಿ ನಿರ್ಧರಿಸಿತು. ಹಂಚಿಕೆ ಸೂತ್ರಕ್ಕೆ ಒಪ್ಪಿಗೆ ಸಿಕ್ಕಿದ್ದು 2025ರ ಆಗಸ್ಟ್‌ನಲ್ಲಿ. ನಡುವೆ ಹತ್ತು ತಿಂಗಳು ಹೋದವು. ಸೆಪ್ಟೆಂಬರ್‌ನಲ್ಲಿ ಅಭ್ಯರ್ಥಿಗಳು ಇದೇ ಧಾರವಾಡದ ರಸ್ತೆಗೆ ಇಳಿದರು. ಅವರ ವಯಸ್ಸು ಮೀರುತ್ತಿದೆ, ಅಪ್ಪ ಕಳಿಸೋ ದುಡ್ಡು ಮುಗೀತಿದೆ. ಆ ಸಂಕಟದ ಮುಂದೆ ಮನೆ ಮಾಲಕರ ನಷ್ಟ ಸಣ್ಣದು, ನಿಜ. ಆದರೂ ಎರಡೂ ಒಂದೇ ದಾರದ ಎರಡು ತುದಿ.

ಒಂದು ಲೆಕ್ಕ ಹಾಕೋಣ, ಅಂಕಿಗಳನ್ನ ನಿಮ್ಮ ಓಣಿಗೆ ತಕ್ಕಂತೆ ಬದಲಿಸಿಕೊಳ್ಳಿ. ಮೂರು ಖೋಲಿಗೆ 8 ಲಕ್ಷ ಖರ್ಚಾಯ್ತು, ಅಷ್ಟೂ ಸಾಲ, ಬಡ್ಡಿ ಶೇ 9, ಅವಧಿ 10 ವರ್ಷ. ತಿಂಗಳ ಕಂತು ಸುಮಾರು 10,130 ರೂಪಾಯಿ, ವರ್ಷಕ್ಕೆ 1.21 ಲಕ್ಷದ ಮೇಲೆ. ಖೋಲಿಗೆ 4,000ದಂತೆ ಮೂರೂ ತುಂಬಿದರೆ ತಿಂಗಳಿಗೆ 12,000. ಮೇಲ್ನೋಟಕ್ಕೆ ಲಾಭ. ಆದರೆ ವರ್ಷದಲ್ಲಿ ಎರಡೇ ತಿಂಗಳು ಖಾಲಿ ಬಿದ್ದರೂ ಬರೋದು 1.20 ಲಕ್ಷ, ಅಲ್ಲಿಗೆ ಕಂತಿಗೇ ಸಾಲದು. ಒಂದು ಖೋಲಿ ವರ್ಷವಿಡೀ ಖಾಲಿ ಉಳಿದರೆ ಕೈಯಿಂದ 25 ಸಾವಿರ ಹಾಕಬೇಕು. ಪಾಲಿಕೆ ತೆರಿಗೆ, ಸುಣ್ಣ ಬಣ್ಣ, ಕೆಟ್ಟ ಮೋಟಾರು ಇದರಲ್ಲಿ ಇನ್ನೂ ಸೇರಿಲ್ಲ. ಸಾಲವಿಲ್ಲದೆ ಸ್ವಂತ ದುಡ್ಡು ಹಾಕೋರು, ಅದೇ 8 ಲಕ್ಷ ಠೇವಣಿ ಇಟ್ಟರೆ ಏನು ಬರ್ತಿತ್ತು ಅಂತ ನೋಡಲಿ. ಶೇ 6.5 ಅಂದರೂ 52 ಸಾವಿರ, ಅದೂ ನಲ್ಲಿ ಸೋರ್ತದ ಅನ್ನೋ ಫೋನ್ ಇಲ್ಲದೆ.

ಹಾಗಾದ್ರೆ ಕಟ್ಟಲೇಬಾರದೇ? ಕಟ್ಟಿ, ಆದರೆ ಖೋಲಿಯನ್ನ ಓದೋ ಹುಡುಗರಿಗೆ ಮಾತ್ರ ಅಂತ ಕಟ್ಟಬೇಡಿ. ಸಾಲಾಗಿ ಮೂರು ಖೋಲಿ, ತುದಿಗೊಂದು ಎಲ್ಲರಿಗೂ ಸೇರಿ ಬಚ್ಚಲು ಹಾಕಿಸಿದರೆ ಅಲ್ಲಿಗೆ ಸಂಸಾರಸ್ಥರು ಬರೋದಿಲ್ಲ. ಅದೇ ಜಾಗದಲ್ಲಿ ಒಂದು ಅಡುಗೆಮನೆ, ಒಂದು ಬೆಡ್‌ರೂಮ್, ಹಾಲ್, ಹಾಲಿಗೂ ಬೆಡ್‌ರೂಮಿಗೂ ಬೇರೆ ಬೇರೆ ಹೊರಬಾಗಿಲು ಇಟ್ಟರೆ ಎರಡೂ ರೀತಿ ಬಾಡಿಗೆಗೆ ಕೊಡಬಹುದು. ಪೂರ್ತಿ ತುಂಬಿದ ತಿಂಗಳಲ್ಲಿ ಬಾಡಿಗೆ ಸ್ವಲ್ಪ ಕಡಿಮೆ ಬರ್ತದೆ. ಆದರೆ ಹೈಕೋರ್ಟ್ ಪೀಠಕ್ಕೆ ಬರೋ ವಕೀಲರು, ಗುಮಾಸ್ತರು, ಸತ್ತೂರಿನ ಆಸ್ಪತ್ರೆ ಸಿಬ್ಬಂದಿ, ಬೇಲೂರು ಕೈಗಾರಿಕಾ ಪ್ರದೇಶದ ನೌಕರರು ಪರೀಕ್ಷೆ ಮುಗೀತು ಅಂತ ಗಂಟು ಕಟ್ಟೋದಿಲ್ಲ. ‘ಐಐಟಿ ಬಂತಲ್ರೀ, ಖೋಲಿ ತುಂಬ್ತಾವ’ ಅನ್ನೋ ಮಾತು ಮಾತ್ರ ನಂಬಬೇಡಿ. ಅಲ್ಲಿನ ವಿದ್ಯಾರ್ಥಿಗಳಿಗೆ ಕ್ಯಾಂಪಸ್ಸಿನಲ್ಲೇ ಹಾಸ್ಟೆಲ್ ಇದೆ.

ದುಡ್ಡಿಗಿಂತ ಮೊದಲು ನೋಡಬೇಕಾದ್ದು ಬುನಾದಿ. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತದ್ದನ್ನ ಈ ಊರಿಗೆ ಯಾರೂ ನೆನಪು ಮಾಡಬೇಕಿಲ್ಲ. ಅದು ದೊಡ್ಡ ಕಟ್ಟಡ, ನಿಮ್ಮದು ಸಣ್ಣದು ಅಂತ ಸಮಾಧಾನ ಪಡೋ ಹಂಗಿಲ್ಲ. ಮಾಳಮಡ್ಡಿ ಕಡೆಯ ಹಳೇ ಮನೆಗಳು ಹಂಚಿನ ಭಾರಕ್ಕೆ ಅಂತ ಕಟ್ಟಿದವು, ಆ ಗೋಡೆ ಮೇಲೆ ಆರ್‌ಸಿಸಿ ಸ್ಲ್ಯಾಬು ಕೂರಿಸೋಕೆ ಆಗೋದಿಲ್ಲ. ಎರೆ ಮಣ್ಣಿನ ಜಾಗವಾದರೆ ನೆಲವೇ ಬೇಸಿಗೆಗೆ ಬಿರಿದು, ಮಳೆಗೆ ಉಬ್ಬುತ್ತದೆ. ಗೌಂಡಿ ‘ಏನೂ ಆಗಂಗಿಲ್ಲ’ ಅಂದರೆ ಸಾಲದು. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ಬುನಾದಿ ಅಗೆಸಿ ನೋಡಿ, ಬರೆದು ಕೊಡಲಿ.

ಕಾಗದಪತ್ರದ ವಿಷಯದಲ್ಲೂ ಕಾಲ ಬದಲಾಗಿದೆ. ಮೊದಲು ಕಟ್ಟಿ, ಆಮೇಲೆ ಮೀಟರ್ ಹಾಕಿಸಿಕೊಂಡರಾಯ್ತು ಅನ್ನೋ ಹಳೇ ರೂಢಿಗೆ 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪು ತಡೆ ಹಾಕಿತು. ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಬೇಡ ಅಂತ ಅದು ಹೇಳಿದೆ. 1200 ಚದರ ಅಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ರಾಜ್ಯ ಸರ್ಕಾರ 2025ರಲ್ಲಿ ವಿನಾಯಿತಿಯ ದಾರಿ ಮಾಡಿತು. ನಿಮ್ಮ ಪ್ಲಾಟಿಗೆ ಅದು ಅನ್ವಯಿಸುತ್ತಾ ಅಂತ ಹೆಸ್ಕಾಂ ಮತ್ತು ಪಾಲಿಕೆ ವಲಯ ಕಚೇರಿ ಎರಡರಲ್ಲೂ ಕೇಳಿ, ಆಮೇಲೆ ಸಿಮೆಂಟ್ ತರಿಸಿ. ಗುಂಟಾ ಪ್ಲಾಟಿನವರು ಇನ್ನೊಂದು ಮಾತು ತಿಳಿದಿರಲಿ. ಬಿ-ಖಾತಾ ಸಿಕ್ಕಿತು ಅಂದರೆ ತೆರಿಗೆ ಕಟ್ಟೋಕೆ ದಾರಿ ಆಯ್ತು ಅಷ್ಟೇ, ಬಡಾವಣೆ ಸಕ್ರಮ ಆಯ್ತು ಅಂತಲ್ಲ. ಮಂಜೂರಾದ ನಕ್ಷೆ ಇಲ್ಲದಿದ್ದರೆ ಬ್ಯಾಂಕಿನವರು ಗೃಹಸಾಲ ಕೊಡೋದು ಕಷ್ಟ. ಆಗ ಕೈಗಡ, ಬಂಗಾರದ ಸಾಲ ಅಂತ ಹೋದರೆ ಮೇಲಿನ ಲೆಕ್ಕ ಇನ್ನೂ ಕೆಡ್ತದೆ.

ಮೇಲಿನ ಮನೆಗೆ ಬೇರೆ ಮೀಟರೇ ಇರಲಿ. ಒಂದೇ ಮೀಟರ್ ಆದರೆ ಗೃಹಜ್ಯೋತಿಯ 200 ಯೂನಿಟ್ ಮಿತಿಯನ್ನ ಕೆಳಗಿನವರು, ಮೇಲಿನವರು ಸೇರಿ ದಾಟಿ, ಪೂರ್ತಿ ಬಿಲ್ಲು ಮಾಲಕರ ತಲೆಗೆ ಬರ್ತದೆ. ನೀರಿಗೂ ಅಷ್ಟೇ. ಮಲಪ್ರಭೆ ನೀರು ದಿನ ಬಿಟ್ಟು ಬರೋ ಓಣಿಯಲ್ಲಿ ಇಬ್ಬರಿಗೆ ಅಂತ ಕಟ್ಟಿದ ಸಂಪು ಎಂಟು ಜನಕ್ಕೆ ಸಾಲೋದಿಲ್ಲ. ಟ್ಯಾಂಕರ್ ಖರ್ಚು ಯಾರದು ಅನ್ನೋ ಜಗಳದಲ್ಲೇ ಎಷ್ಟೋ ಬಾಡಿಗೆದಾರರು ಮನೆ ಬಿಟ್ಟಿದ್ದಾರೆ.

ಆದಾಯ ತೆರಿಗೆ ಅಂತ ಹೆದರೋರಿಗೆ: ಬಂದ ಬಾಡಿಗೆಯಲ್ಲಿ ಪಾಲಿಕೆ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30ನ್ನ ಯಾವ ರಸೀದಿಯೂ ಕೇಳದೆ ಬಿಡ್ತಾರೆ. ಕಟ್ಟಡ ಸಾಲದ ಬಡ್ಡಿಯೂ ಕಳೆಯುತ್ತದೆ.

ಕರಾರು ಪತ್ರ 11 ತಿಂಗಳಿಗೆ ಬರೆಸೋದು ರೂಢಿ, ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕು. ಓದೋ ಹುಡುಗರಿಗೆ ಕೊಡೋರು ಖೋಲಿ ಬಿಡೋ ಮುಂಚೆ ಒಂದು ತಿಂಗಳ ನೋಟಿಸ್ ಅನ್ನೋ ಸಾಲು ಬರೆಸಲಿ. ಡಿಪಾಸಿಟ್ ಎಷ್ಟು, ಅದರಲ್ಲಿ ಯಾವುದಕ್ಕೆ ಹಿಡೀತೀರಿ ಅನ್ನೋದನ್ನೂ ಅಲ್ಲೇ ಬರೆಸಿ. ಮನೆ ಬಿಡುವಾಗ ‘ಬಣ್ಣಕ್ಕ ಹೋತು’ ಅಂತ ಬಾಯಿಮಾತಲ್ಲಿ ಹೇಳಿದರೆ, ಆ ಹುಡುಗ ಮುಂದಿನ ಅಧಿಸೂಚನೆಗೆ ವಾಪಸ್ ಬಂದಾಗ ತಾನೂ ಪಕ್ಕದ ಮನೆಗೆ ಹೋಗ್ತಾನೆ, ಗೆಳೆಯರನ್ನೂ ಅಲ್ಲಿಗೇ ಕರೀತಾನೆ.