ಕತೆಗಾರರ ಕಪಾಟು ಬರಿದಾಗುವ ಮೊದಲು

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬುಕರ್ ಬಂದ ಮೇಲೆ ಕನ್ನಡದಲ್ಲಿ ಕತೆ ಬರೆಯುವ ಹುಮ್ಮಸ್ಸು ಹೆಚ್ಚಿದೆ. ಸಂತೋಷದ ಸಂಗತಿ. ಇದೇ ಹೊತ್ತಿನಲ್ಲಿ ಒಂದು ಅಪಾಯದ ಸೂಚನೆಯೂ ಕಾಣಿಸಿಕೊಂಡಿದೆ. ಅದು ಬಲಿಯುವ ಮುಂಚೆ ಹೇಳಿಬಿಡಬೇಕು: ಹೊಸ ಕತೆಗಳು ಒಂದರಂತೆ ಇನ್ನೊಂದು ಇರತೊಡಗಿವೆ.

ಪದೇ ಪದೇ ಕೈಗೆ ಬರುವ ಹಸ್ತಪ್ರತಿ ಹೀಗಿರುತ್ತದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗ ರಾತ್ರಿ ಬಸ್ಸು ಹಿಡಿದು ಊರಿಗೆ ಬರುತ್ತಾನೆ. ಕಿಟಕಿಯಾಚೆ ಮಳೆ. ಅಪ್ಪ ತೀರಿಕೊಂಡಿದ್ದಾನೆ, ಇಲ್ಲವೇ ಮನೆ ಮಾರಾಟಕ್ಕಿದೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೆಯ ಪತ್ರವೊಂದು ಸಿಗುತ್ತದೆ. ಮಗ ಅಳುತ್ತಾನೆ, ಮಳೆ ನಿಲ್ಲುತ್ತದೆ. ಭಾಷೆ ಶುದ್ಧವಾಗಿದೆ, ದುಃಖವೂ ಸುಳ್ಳಲ್ಲ. ಬರೆದವರು ಬೇರೆ ಬೇರೆ ಜಿಲ್ಲೆಯವರು, ಬೇರೆ ಬೇರೆ ಬದುಕು ಕಂಡವರು. ಆದರೂ ಕತೆ ಒಂದೇ. ಅವರನ್ನು ಮಾತಾಡಿಸಿದರೆ ಕಾರಣ ತಿಳಿಯುತ್ತದೆ. ಎಷ್ಟೋ ಮಂದಿ ಓದಿರುವುದು ಈಚಿನ ವರ್ಷಗಳ ಬಹುಮಾನಿತ ಕತೆಗಳನ್ನು ಮಾತ್ರ. ಗೆದ್ದ ಕತೆ ನೋಡಿ ಒಂದು ಕತೆ, ಅದನ್ನು ನೋಡಿ ಮತ್ತೊಂದು; ನಿನ್ನೆಯ ಸಾರಿಗೇ ದಿನವೂ ನೀರು ಬೆರೆಸಿದ ಹಾಗೆ. ಕೇಳಿದ ಕೂಡಲೇ ಕತೆ ಬರೆದುಕೊಡುವ ಯಂತ್ರಗಳೂ ಈಗ ಬಂದಿವೆ. ಅವು ಸಲೀಸಾಗಿ ಹೊಸೆಯುವುದೂ ಇಂಥ ಕತೆಯನ್ನೇ.

ಓದು, ನೋಟ ವಿಸ್ತಾರವಾದರೆ ಏನಾಗುತ್ತದೆ ನೋಡಿ. ಯು.ಆರ್. ಅನಂತಮೂರ್ತಿ 1965ರಲ್ಲಿ ಪ್ರಕಟವಾದ 'ಸಂಸ್ಕಾರ'ವನ್ನು ಬರೆದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗ. ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ಸಿನಿಮಾ ತಮ್ಮನ್ನು ಕೆಣಕಿದ ಬಗೆಯನ್ನು ಅವರೇ ಹೇಳಿಕೊಂಡಿದ್ದಾರೆ. ಅದರಿಂದ ಅವರಿಗೆ ಸಿಕ್ಕಿದ್ದು ಸ್ವೀಡನ್ನಿನ ಕತೆಯಲ್ಲ, ಮಲೆನಾಡಿನ ಅಗ್ರಹಾರವನ್ನು ಹೊಸದಾಗಿ ನೋಡುವ ಕಣ್ಣು. ಆ ಕಾದಂಬರಿಯ ಕಸುಬನ್ನೇ ಗಮನಿಸಿ. ನಾರಣಪ್ಪ ಸತ್ತಿದ್ದಾನೆ. ಹೆಣ ಎತ್ತುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಸಂಸ್ಕಾರ ಮಾಡುವವರು ಯಾರೆಂದು ಇತ್ಯರ್ಥವಾಗುತ್ತಿಲ್ಲ. ಇತ್ತ ಧರ್ಮಶಾಸ್ತ್ರದ ಚರ್ಚೆ, ಅತ್ತ ಹಸಿದ ಹೊಟ್ಟೆ, ಕೊಳೆಯುತ್ತಿರುವ ಹೆಣ. ನಾರಣಪ್ಪನ ಜೊತೆಗಿದ್ದ ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿ ಮುಂದಿಟ್ಟ ಕೂಡಲೇ ವಾದದ ದಿಕ್ಕೇ ತಿರುಗುತ್ತದೆ. ಅಗ್ರಹಾರದವರು ಆಸೆಬುರುಕರು ಎಂದು ಲೇಖಕರು ಪ್ರತ್ಯೇಕವಾಗಿ ಹೇಳಬೇಕಾದ ಅಗತ್ಯವೇ ಬೀಳುವುದಿಲ್ಲ. ಟ್ರಂಕಿನ ಪತ್ರದಲ್ಲಿ ಎಲ್ಲವನ್ನೂ ವಿವರಿಸುವ ನಮ್ಮ ಹೊಸ ಕತೆಗಾರರು ಈ ಪುಟಗಳನ್ನು ಪೆನ್ಸಿಲ್ ಹಿಡಿದು ಓದಬೇಕು.

ವಿಸ್ತಾರವಾದ ಓದು ಎಂದರೆ ಪರದೇಶದ್ದೇ ಆಗಬೇಕೆಂದಿಲ್ಲ. ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ದೀಪದ ಜೋತಮ್ಮಗಳು ಒಂದೆಡೆ ಸೇರಿ ಮನೆಮನೆಯ ಸುದ್ದಿ ಆಡಿಕೊಳ್ಳುತ್ತವೆ. ಆ ಧೈರ್ಯ ಬಂದದ್ದು ನಮ್ಮದೇ ಜನಪದ ಕಥನದಿಂದ. ಪೂರ್ಣಚಂದ್ರ ತೇಜಸ್ವಿಯವರು ಜೀವವಿಜ್ಞಾನವನ್ನು ಅಷ್ಟು ಆಸೆಯಿಂದ ಬೆನ್ನುಹತ್ತದಿದ್ದರೆ 'ಕರ್ವಾಲೊ' ಇರುತ್ತಿರಲಿಲ್ಲ. ಇಂಗ್ಲಿಷ್ ಬಾರದು ಎಂಬುದೂ ನೆಪವಾಗಲಾರದು: ಓ.ಎಲ್. ನಾಗಭೂಷಣಸ್ವಾಮಿ ಅವರ ಶ್ರಮದಿಂದ 'ಯುದ್ಧ ಮತ್ತು ಶಾಂತಿ', 'ಅಪರಾಧ ಮತ್ತು ಶಿಕ್ಷೆ' ಕನ್ನಡದಲ್ಲೇ ಇವೆ.

ತಪ್ಪೆಲ್ಲ ಎಳೆಯ ಬರಹಗಾರರದೇ ಅಲ್ಲ. ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಗ್ರಂಥಾಲಯ ಕರ ಕಟ್ಟುತ್ತೇವೆ. ಸ್ಥಳೀಯ ಸಂಸ್ಥೆಗಳು ಅದನ್ನು ಗ್ರಂಥಾಲಯಗಳಿಗೆ ದಾಟಿಸದೆ ಬಾಕಿ ಉಳಿಸಿಕೊಳ್ಳುತ್ತವೆ ಎಂಬುದು ಹಳೆಯ ದೂರು. ಪುಸ್ತಕ ಕೊಳ್ಳಲಾಗದ ಹುಡುಗಿಗೆ ತಾಲ್ಲೂಕು ಗ್ರಂಥಾಲಯದ ಕಪಾಟೇ ಜಗತ್ತು. ಅಲ್ಲಿ ಹೊಸ ಪುಸ್ತಕ ಬಾರದಿದ್ದರೆ ಅವಳು ಮೊಬೈಲಿನಲ್ಲಿ ಸಿಕ್ಕಿದ್ದನ್ನು ಓದುತ್ತಾಳೆ, ಅದರಂತೆಯೇ ಬರೆಯುತ್ತಾಳೆ. ಕಥಾ ಕಮ್ಮಟಗಳೂ ಭಾಷಣಗಳಲ್ಲೇ ಮುಗಿಯುತ್ತಿವೆ. ಮಾಸ್ತಿಯವರದೋ ಚಿತ್ತಾಲರದೋ ಒಂದೇ ಕತೆಯನ್ನು ಇಡೀ ದಿನ ಕೂತು, ಸಾಲು ಸಾಲು ಬಿಡಿಸಿ ಓದಿಸುವ ಕಮ್ಮಟ ಬೇಕು.

ದೀಪಾವಳಿ, ಯುಗಾದಿ ಕಥಾಸ್ಪರ್ಧೆಗಳ ತೀರ್ಪುಗಾರರಲ್ಲಿ ನಮ್ಮ ಕೋರಿಕೆ ಇಷ್ಟೆ. ನೀಟಾಗಿದೆ ಎಂಬ ಒಂದೇ ಕಾರಣಕ್ಕೆ ಪರಿಚಿತ ಕತೆಗೆ ಬಹುಮಾನ ಕೊಡಬೇಡಿ. ಒರಟಾಗಿದ್ದರೂ ಹೊಸ ದಾರಿ ಹಿಡಿದ ಕತೆಯನ್ನು ಮುಂದಕ್ಕೆ ತನ್ನಿ. ಫಲಿತಾಂಶದ ಜೊತೆ ಯಾವ ಕತೆ ಏಕೆ ಸೋತಿತೆಂದು ಒಂದು ಪುಟ ಬರೆದುಕೊಡಿ. ಅದನ್ನು ಅಚ್ಚು ಹಾಕುವ ಜಾಗವನ್ನು ಸಂಪಾದಕರು ಜಾಹೀರಾತಿಗೆ ಬಿಟ್ಟುಕೊಡಬಾರದು.